ಹಿತ್ತಾಳೆ ಕಾಯಿಸುವ ಒಲೆ

ಆರ್ಡಿಸ್ ಕ್ವಾಮೆಗೆ ಬಿಸಿ ತಾಗುವುದಿಲ್ಲ ಎನ್ನುವುದು ನಮ್ಮೂರಿನ ಹಳೆಯ ಮಾತು. ಕ್ರಿಸ್‌ಮಸ್ಸಿಗೆ ಮುಂಚೆ ಚರ್ಚಿನ ನೆಲಮಾಳಿಗೆಯಲ್ಲಿ ನಾವು ಹೆಂಗಸರು ಸೇರಿ ನಮ್ಮ ಹಿರಿಯರು ನಾರ್ವೆಯಿಂದ ತಂದ ಲೆಫ್ಸ ಬೇಯಿಸುತ್ತೇವೆ. ಆಲೂಗಡ್ಡೆಯ ಆ ತೆಳು ರೊಟ್ಟಿಯನ್ನು ಕಾವಲಿಯ ಮೇಲೆ ಮಗುಚುವುದಕ್ಕೆ ಎಲ್ಲರಿಗೂ ಉದ್ದನೆಯ ಚಪ್ಪಟೆ ಕೋಲು ಬೇಕು. ಆರ್ಡಿಸ್ ಮಾತ್ರ ಬರಿಗೈಯಲ್ಲೇ ಅಂಚು ಹಿಡಿದು ತಿರುವಿ ಹಾಕುತ್ತಿದ್ದಳು. ಆಸ್ಪತ್ರೆಯ ಅಡುಗೆಮನೆಯಲ್ಲಿ ನಾವಿಬ್ಬರೂ ಒಟ್ಟಿಗೆ ಕೆಲಸ ಮಾಡುತ್ತಿದ್ದೆವು. ಅಲ್ಲಿಯೂ ಅಷ್ಟೆ. ತೊಳೆಯುವ ಯಂತ್ರದ ಬಾಗಿಲು ತೆರೆದು ಹಬೆ ನನ್ನ ಮುಖಕ್ಕೆ ಬಡಿದು ನಾನು ಹಿಂದೆ ಸರಿಯುವಷ್ಟರಲ್ಲಿ ಅವಳು ತಟ್ಟೆಗಳನ್ನೆಲ್ಲ ಎತ್ತಿ ಜೋಡಿಸಿಯಾಗಿರುತ್ತಿತ್ತು.

"ಬೆರಳಿಗೆ ಏನಾದ್ರೂ ತೊಗಟೆ ಅಂಟಿಸ್ಕೊಂಡಿದೀಯೇನೇ?" ಎಂದು ಕೇಳಿದ್ದೆ ಒಮ್ಮೆ.

"ಮದ್ವೆಯಾಗಿ ಇಷ್ಟು ವರ್ಷ ಆದ್ಮೇಲೂ ನಿಂಗೆ ಬಿಸಿ ಗೊತ್ತಾಗುತ್ತಾ ವಿಲ್ಮಾ? ಹಾಗಾದ್ರೆ ನೀನು ಸರಿಯಾಗಿ ಮನೆಗೆಲ್ಸ ಮಾಡೇ ಇಲ್ಲ ಬಿಡು."

ಅವಳು ಹಾಗೆ ತಮಾಷೆ ಮಾಡಿದಾಗ ನಾನೂ ನಕ್ಕಿದ್ದೆ.

ಅವಳ ಗಂಡ ಲೋವೆಲ್ ಜಿಲ್ಲೆಯ ಮಣ್ಣುರಸ್ತೆಗಳನ್ನು ಸಮತಟ್ಟು ಮಾಡುವ ಯಂತ್ರ ಓಡಿಸುತ್ತಿದ್ದ. ಒಳ್ಳೆಯವನು. ಕುಡಿದು ಕೂಗಾಡಿದವನಲ್ಲ. ಮೊಂಟಾನಾದ ನಮ್ಮ ಗೋಧಿ ಸೀಮೆಯ ಎಲ್ಲ ಗಂಡಸರ ಹಾಗೆ ಶರತ್ಕಾಲ ಬಂತೆಂದರೆ ಬೇಟೆಯವನು. ಕಾಡತೂಸುಗಳನ್ನು ಅಂಗಡಿಯಲ್ಲಿ ಕೊಳ್ಳುತ್ತಿರಲಿಲ್ಲ. ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆಯ ಚಿಪ್ಪುಗಳನ್ನು ಆರಿಸಿ ತಂದು, ಮನೆಯ ನೆಲಮಾಳಿಗೆಯಲ್ಲಿ ಕುಳಿತು ಮತ್ತೆ ಮದ್ದು ತುಂಬಿ, ಗುಂಡು ಕೂರಿಸಿಕೊಳ್ಳುತ್ತಿದ್ದ. ನಾಲ್ಕಾರು ಸಲ ಹೀಗೆ ಬಳಸಿದ ಚಿಪ್ಪಿನಲ್ಲಿ ಗುಂಡನ್ನು ಬಿಗಿಹಿಡಿಯುವ ಕತ್ತು ಗಡುಸಾಗಿ ಸೀಳುಬಿಡುತ್ತದೆ. ಆಗ ಕತ್ತನ್ನಷ್ಟೇ ಹದಕ್ಕೆ ಕಾಯಿಸಿ ಮೆದು ಮಾಡಬೇಕು. ಬುಡಕ್ಕೆ ಕಾವು ಏರಲೇಬಾರದು. ಬುಡ ಮೆದುವಾದರೆ ಬಂದೂಕು ಹಾರಿಸುವವನ ಮುಖಕ್ಕೇ ಸಿಡಿಯುತ್ತದೆ. ಇದಕ್ಕೆ ಹಳಬರ ಉಪಾಯ ಸುಲಭವಾಗಿತ್ತು. ಚಿಪ್ಪಿನ ಬುಡವನ್ನು ಬೆರಳುಗಳಲ್ಲಿ ಹಿಡಿದು ಕತ್ತನ್ನು ಮೇಣದ ಬತ್ತಿಯ ಉರಿಯಲ್ಲಿ ತಿರುಗಿಸುತ್ತಾ ಇರುವುದು. ಇನ್ನು ಹಿಡಿಯಲಾಗದು ಎನ್ನಿಸಿದ ಕೂಡಲೇ ನೀರಿನ ಬಕೆಟ್ಟಿಗೆ ಬಿಡುವುದು. ಅಳತೆ ಎಂದರೆ ನಿಮ್ಮ ಬೆರಳೇ.

ಮದುವೆಯಾದ ಹೊಸತರಲ್ಲಿ ಲೋವೆಲ್ ಹೀಗೆ ಬತ್ತಿಯ ಮುಂದೆ ಕುಳಿತು ಒಂದೊಂದು ಚಿಪ್ಪಿಗೂ ಒಂದೊಂದು ಬೈಗುಳ ಬೈಯುತ್ತಿದ್ದನಂತೆ. ಆರ್ಡಿಸ್ ಹುರುಳಿಕಾಯಿಯ ಬಾಟಲಿಗಳನ್ನು ಇಡಲು ಕೆಳಗಿಳಿದವಳು ಸ್ವಲ್ಪ ಹೊತ್ತು ನೋಡಿದಳು. "ಕೊಡಿಲ್ಲಿ" ಎಂದು ಅವನ ಕೈಯಿಂದ ಚಿಪ್ಪು ತೆಗೆದುಕೊಂಡಳು. ಅವನು ಕುರ್ಚಿ ಬಿಟ್ಟುಕೊಟ್ಟ. ಅಲ್ಲಿಗೆ ಅದು ಅವಳ ಕೆಲಸವಾಯಿತು. ಪ್ರತಿ ಜುಲೈ ತಿಂಗಳಲ್ಲಿ ಚಳಿಗಾಲಕ್ಕೆಂದು ಬಾಟಲಿಗೆ ತುಂಬುವ ಬೀನ್ಸ್, ಬೀಟ್‌ರೂಟ್, ಸಬ್ಬಸಿಗೆ ಹಾಕಿದ ಸೌತೆಯ ಉಪ್ಪಿನಕಾಯಿ, ಅವುಗಳ ಜೊತೆಗೆ ಒಂದು ಬಕೆಟ್ ಹಿತ್ತಾಳೆ.

ಬೇಟೆಯೆಂದರೆ ಗುಂಡು ಹಾರುವ ಆ ಒಂದು ಕ್ಷಣ ಎಂದು ನಮ್ಮೂರ ಗಂಡಸರು ನಂಬಿದ್ದಾರೆ. ಅದಕ್ಕೆ ಮುಂಚೆ ಥರ್ಮಾಸಿಗೆ ಕಾಫಿ ಸುರಿದವರು, ಉಣ್ಣೆಯ ಕಾಲುಚೀಲ ಹೊಲಿದು ಸರಿಮಾಡಿದವರು, ಆಮೇಲೆ ರಕ್ತದ ಅಂಗಿ ನೆನೆಸಿಟ್ಟವರು, ಇಡೀ ಪ್ರಾಣಿಯನ್ನು ಕಾಗದದ ಪೊಟ್ಟಣಗಳಾಗಿ ಕಟ್ಟಿ ಫ್ರೀಜರಿಗೆ ತುಂಬಿದವರು, ಇವರ್‍ಯಾರೂ ಬೇಟೆಗೆ ಹೋದವರಲ್ಲ.

ಆದರೆ ಒಂದು ಜಾಗದಲ್ಲಿ ಹೆಂಗಸರ ಹೆಸರು ಬೇಕಾಗುತ್ತಿತ್ತು. ಮೂಸ್ ಬೇಟೆಗೆ ಎಲ್ಲರಿಗೂ ಪರವಾನಗಿ ಸಿಗುವುದಿಲ್ಲ. ಕುದುರೆಗಿಂತ ಎತ್ತರದ, ಹಲಗೆಯಂಥ ಕೊಂಬಿನ ಆ ಪ್ರಾಣಿಗೆ ಸರ್ಕಾರ ಲಾಟರಿ ಎತ್ತಿ ಕೆಲವರಿಗಷ್ಟೇ ಚೀಟಿ ಕೊಡುತ್ತದೆ. ಒಮ್ಮೆ ಸಿಕ್ಕಿದರೆ ಮತ್ತೆ ಏಳು ವರ್ಷ ಹೆಸರು ಹಾಕುವಂತಿಲ್ಲ. ಎಷ್ಟೋ ಜನಕ್ಕೆ ಜೀವಮಾನದಲ್ಲಿ ಒಂದು ಸಲವೂ ಬಂದಿಲ್ಲ. ಅದಕ್ಕೇ ನಮ್ಮೂರ ಗಂಡಸರು ತಮ್ಮ ಹೆಸರಿನ ಜೊತೆಗೆ ಹೆಂಡತಿಯ ಹೆಸರನ್ನೂ ಹಾಕುತ್ತಾರೆ. ಚೀಟಿ ಅವಳ ಹೆಸರಿಗೆ ಬಂದರೆ ಬಂದೂಕು ಇವರು ಎತ್ತುತ್ತಾರೆ. ಕಾನೂನಿಗೆ ವಿರುದ್ಧ, ಎಲ್ಲರಿಗೂ ಗೊತ್ತು. ಆದರೂ ಊರಿನ ಅರ್ಧ ಕೊಂಬುಗಳನ್ನು ಹೊಡೆದವರು, ಚೀಟಿಯ ಪ್ರಕಾರ, ಆ ಹೊತ್ತಿನಲ್ಲಿ ಮನೆಯಲ್ಲಿ ಆಲೂಗಡ್ಡೆ ಹುರಿಯುತ್ತಿದ್ದ ಹೆಂಗಸರು.

ಆರ್ಡಿಸಳಿಗೆ ಐವತ್ತೆಂಟು ನಡೆಯುತ್ತಿದ್ದ ವರ್ಷ ಚೀಟಿ ಬಂತು. ನಾನು ಅವರ ಅಡುಗೆಮನೆಯಲ್ಲೇ ಇದ್ದೆ. ರುಬಾರ್ಬ್ ದಂಟು ಹೆಚ್ಚುತ್ತಿದ್ದೆವು.

"ಸಿಕ್ತು! ನಮಗೆ ಸಿಕ್ತು ಕಣೇ ಮೂಸು!" ಎಂದು ಕೂಗುತ್ತಾ ಬಂದ ಲೋವೆಲ್.

ಆರ್ಡಿಸ್ ಚಾಕು ಕೆಳಗಿಡಲಿಲ್ಲ. "ನಮಗೆ ಅಂದ್ರೆ?"

"ನಿನ್ನ ಹೆಸರಲ್ಲಿ ಬಂದಿದೆ."

"ಹಾಗಾದ್ರೆ ನಂಗೆ ಸಿಕ್ತು."

"ಅದೇ ಅಂದೆನಲ್ಲ."

"ಅದನ್ನೇ ಅಲ್ಲ ನೀನಂದಿದ್ದು" ಎಂದಳು. ಇನ್ನೊಂದು ದಂಟು ಹೆಚ್ಚಿದಳು. "ನಾನೇ ಹೊಡೀತೀನಿ ಇದನ್ನ."

ಲೋವೆಲ್ ನನ್ನ ಕಡೆ ನೋಡಿದ, ನಾನು ನಗುತ್ತೇನೇನೋ ಎಂದು. ನಾನು ನಗಲಿಲ್ಲ. ಅವನೊಬ್ಬನೇ ಸ್ವಲ್ಪ ನಕ್ಕು, ಆಮೇಲೆ ಟೋಪಿ ತೆಗೆದು ತಲೆ ಕೆರೆದುಕೊಂಡು, "ಸರಿ ಹಾಗಾದ್ರೆ. ನನ್ನ ಬಂದೂಕು ತಗೋ" ಎಂದ.

"ಬೇಡ. ಅಪ್ಪನದು ಇದೆ."

ಅವಳ ಅಪ್ಪ ಟೋರ್ವಾಲ್ಡ್‌ಗೆ ಗಂಡುಮಕ್ಕಳಿರಲಿಲ್ಲ. ಹುಡುಗಿಯಾಗಿದ್ದಾಗ ಅವಳು ಅಪ್ಪನ ಜೊತೆ ಬಯಲಲ್ಲಿ ಹೊಟ್ಟೆ ಎಳೆಯುತ್ತಾ ತೆವಳಿ ಚಿಗರೆ ಹೊಡೆದವಳು. ಮದುವೆಯ ಮೇಲೆ ಬಂದೂಕು ಬಟ್ಟೆಯ ಕಪಾಟಿನಲ್ಲಿ ಚಳಿಗಾಲದ ಕೋಟುಗಳ ಹಿಂದೆ ನಿಂತುಬಿಟ್ಟಿತ್ತು. ಯಾರೂ ಬೇಡವೆಂದಿರಲಿಲ್ಲ. ಮೊದಲ ವರ್ಷ ಬಸುರಿ, ಮರುವರ್ಷ ಹಾಲೂಡಿಸುವವಳು, ಆಮೇಲೆ ಇಬ್ಬರೂ ಬೆಟ್ಟಕ್ಕೆ ಹೋದರೆ ಮಕ್ಕಳನ್ನು ನೋಡುವವರು ಯಾರು ಎಂಬ ಮಾತು, ಆಮೇಲೆ ಆ ಮಾತೂ ಇಲ್ಲ.

ಆ ಬಂದೂಕಿನ ಕಾಡತೂಸು ಅಂಗಡಿಗೆ ಬರುವುದು ನಿಂತು ಎಷ್ಟೋ ಕಾಲವಾಗಿತ್ತು. ಅಪ್ಪ ಬಿಟ್ಟುಹೋದ ಒಂದು ಕಾಫಿ ಡಬ್ಬಿ ತುಂಬ ಹಳೆಯ ಚಿಪ್ಪುಗಳಿದ್ದವು. ಎಲ್ಲವೂ ಕತ್ತು ಗಡುಸಾದವು. ಆರ್ಡಿಸ್ ಎಂದಿನಂತೆ ಬತ್ತಿ ಹಚ್ಚಿ ಕುಳಿತಳು. ಒಂದು ಹಿಡಿ ಚಿಪ್ಪು ಕಾಯಿಸಿ, ಮದ್ದು ತುಂಬಿ ಗುಂಡು ಕೂರಿಸಿ ನೋಡಿದರೆ, ಗುಂಡು ಹೆಬ್ಬೆರಳು ತಾಗಿದರೆ ಸಾಕು ಒಳಗೆ ಜಾರುತ್ತಿತ್ತು. ಕತ್ತು ಅತಿಯಾಗಿ ಮೆದುವಾಗಿತ್ತು. ಅವಳ ಬೆರಳು ಬಿಡು ಎಂದು ಹೇಳಿದ್ದು ಬಹಳ ತಡವಾಗಿ.

ಮರುದಿನ ಆಸ್ಪತ್ರೆಯಲ್ಲಿ ಕುದಿಯುವ ಸೂಪಿನ ಪಾತ್ರೆಗೆ ಬೆರಳ ತುದಿ ಒತ್ತಿ ಹಿಡಿದು ನಿಂತಿದ್ದಳು. ನಾನು ಕೂಗಿಕೊಂಡು ಕೈ ಎಳೆದೆ.

"ಏನೂ ಗೊತ್ತಾಗ್ತಿಲ್ಲ ವಿಲ್ಮಾ" ಎಂದಳು. ಹೆದರಿದವಳ ಹಾಗಲ್ಲ, ಬೀಗದಕೈ ಎಲ್ಲಿಟ್ಟೆ ಎಂದು ಯೋಚಿಸುವವಳ ಹಾಗೆ. "ಬಿಸಿ ತಡ್ಕೋತೀನಿ ಅಂದ್ಕೊಂಡಿದ್ದೆ. ತಡ್ಕೊಳ್ಳೋದೇನು ಬಂತು. ಗೊತ್ತಾಗೋದೇ ನಿಂತುಹೋಗಿದೆ."

ಬೆರಳನ್ನು ನಂಬದೆ ಕೆಲಸ ಮಾಡುವ ಒಲೆಯೊಂದನ್ನು ಕಟ್ಟಬೇಕೆಂದು ಅವಳು ಹೊರಟದ್ದು ಹೀಗೆ. ಬಟ್ಟೆ ಒಣಗಿಸುವ ಹಳೆಯ ಯಂತ್ರ ಕೆಟ್ಟು ಹಿತ್ತಲ ಕೊಟ್ಟಿಗೆಯಲ್ಲಿತ್ತು. ಅದರ ಹೊಟ್ಟೆ ಬಿಚ್ಚಿ ಕಾಯುವ ತಂತಿಯ ಸುರುಳಿ ತೆಗೆದಳು. ಶಾಲೆಯವರು ಮಡಕೆ ಸುಡುವ ಗೂಡನ್ನು ಕೆಡವಿದಾಗ ಎಸೆದಿದ್ದ ಹಗುರ ಇಟ್ಟಿಗೆಗಳನ್ನು ಆರಿಸಿ ತಂದಳು. ಅವು ರೊಟ್ಟಿ ಕೊಯ್ಯುವ ಚಾಕುವಿಗೇ ಕತ್ತರಿಸಿಕೊಳ್ಳುವಷ್ಟು ಮೃದು. ಸೇಬಿನ ತಿರುಳು ತೆಗೆಯುವ ಕೊಳವೆಯಿಂದ ಇಟ್ಟಿಗೆಯಲ್ಲಿ ನೇರ ಬಾವಿಯಂಥ ತೂತು ಕೊರೆದಳು. ಒಳಗೋಡೆಗೆ ಚಮಚದ ಹಿಡಿಯಲ್ಲಿ ಗೆರೆ ತೋಡಿ ಸುರುಳಿಯನ್ನು ಅದರಲ್ಲಿ ಕೂರಿಸಿದಳು. ಇಟ್ಟಿಗೆಯನ್ನು ಹಳೆಯ ಬ್ರೆಡ್ ಡಬ್ಬಿಯೊಳಗೆ ಇಳಿಸಿ, ಮುರಿದ ಸ್ಟವ್‌ನಿಂದ ಕಿತ್ತ ಗುಂಡಿಯನ್ನು ಕಾವು ಏರಿಸಿ ಇಳಿಸಲು ಜೋಡಿಸಿದಳು. ಡಬ್ಬಿ ಮುಟ್ಟಿದರೆ ಶಾಕ್ ಹೊಡೆಯದಂತೆ ಅರ್ಥಿಂಗ್ ತಂತಿ ಕಟ್ಟಿಕೊಟ್ಟವನು ಲೋವೆಲ್. ಅದೊಂದು ಅವನ ಕೆಲಸ.

ಬಾವಿಯ ಬಾಯಿಗೆ ದಪ್ಪ ಉಕ್ಕಿನ ಬಿಲ್ಲೆ. ಬಿಲ್ಲೆಯ ನಡುವಿನ ತೂತಿನಲ್ಲಿ ಚಿಪ್ಪು ತಲೆಕೆಳಗಾಗಿ ನೇತಾಡಬೇಕು. ಕತ್ತು ಒಳಗೆ ಕಾವಿನಲ್ಲಿ, ಬುಡ ಹೊರಗೆ ಗಾಳಿಯಲ್ಲಿ. ಬೆಸುಗೆಯವರು ಬಳಸುವ, ಗೊತ್ತಾದ ಕಾವಿಗೆ ಕರಗುವ ಬಳಪದಿಂದ ಪ್ರತಿ ಚಿಪ್ಪಿಗೂ ಎರಡು ಗುರುತು ಹಾಕುತ್ತಿದ್ದಳು, ಕತ್ತಿಗೊಂದು, ನಡುವಿಗೊಂದು. ಕತ್ತಿನದು ಕರಗಬೇಕು, ನಡುವಿನದು ಹಾಗೇ ಉಳಿಯಬೇಕು. ಮೊದಮೊದಲು ಎರಡೂ ಕರಗಿದವು. ಆ ಚಿಪ್ಪುಗಳನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿ ಎಸೆದಳು. ಆಮೇಲೆ ಎರಡೂ ಕರಗಲಿಲ್ಲ. ಕಾವು ಸರಿಯಾಯಿತು, ಹೊತ್ತು ಸರಿಯಾಗಲಿಲ್ಲ. ಗಡಿಯಾರ ನೋಡಿದರೆ ಚಿಪ್ಪಿನ ಮೇಲೆ ಕಣ್ಣು ತಪ್ಪುತ್ತಿತ್ತು. ಕೊನೆಗೆ ಊಟಕ್ಕೆ ಮುಂಚೆ ಹೇಳುವ ನಾರ್ವೆಯ ಪ್ರಾರ್ಥನೆಯನ್ನು, ಅವಳಮ್ಮ ಹೇಳುತ್ತಿದ್ದ ವೇಗದಲ್ಲಿ, ಅರ್ಧಕ್ಕೆ ನಿಲ್ಲಿಸಿದರೆ ಹದ ಸರಿಯಾಗುತ್ತದೆ ಎಂದು ಕಂಡುಕೊಂಡಳು. ಲೆಫ್ಸ ಮಗುಚುವ ಕೋಲಿನ ತುದಿಯಿಂದ ಚಿಪ್ಪನ್ನು ಮೀಟಿ ಬಕೆಟ್ಟಿಗೆ ಹಾರಿಸುವಳು. ಆ ಕೋಲು ಅವಳ ಕೈಗೆ ಬಂದದ್ದು ಆಗಲೇ.

"ಪ್ರಾರ್ಥನೆ ಅರ್ಧಕ್ಕೇ ನಿಲ್ಲಿಸ್ತೀಯಲ್ಲ, ದೇವ್ರು ಸಿಟ್ಟಾಗಲ್ವಾ?" ಎಂದೆ.

"ಅವ್ನಿಗೂ ಗೊತ್ತು, ಇದು ಇನ್ನೂ ಊಟ ಆಗಿಲ್ಲ, ಬರೀ ಚಿಪ್ಪು ಅಂತ."

ಆಗಸ್ಟ್ ಕೊನೆಯಲ್ಲಿ ನಾವಿಬ್ಬರೂ ಊರಾಚೆಯ ಜಲ್ಲಿಗುಂಡಿಗೆ ಹೋದೆವು. ಹಲಗೆಗೆ ಕಾಗದದ ತಟ್ಟೆ ಮೊಳೆ ಹೊಡೆದಳು. ಅಪ್ಪನ ಬಂದೂಕು ಭುಜಕ್ಕೆ ಏರಿದಾಗ ಅವಳು ನನಗೆ ಗೊತ್ತಿಲ್ಲದ ಯಾರೋ ಆಗಿದ್ದಳು. ಮೊದಲ ಗುಂಡು ಅವಳಿಗೇ ತಿಳಿಯದ ಹಾಗೆ ಹಾರಿತು. ಮಣ್ಣು ಎದ್ದದ್ದು ಹಲಗೆಯಿಂದ ಎಲ್ಲೋ ದೂರ.

"ಟ್ರಿಗರ್ ಮುಟ್ಟಿದ್ದೇ ಗೊತ್ತಾಗ್ಲಿಲ್ಲ" ಎಂದಳು. ಬೆರಳ ತುದಿಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಆಮೇಲೆ ತುದಿ ಬಿಟ್ಟು ಎರಡನೆಯ ಗೆಣ್ಣಿನ ಮಡಿಕೆಯಲ್ಲಿ ಟ್ರಿಗರ್ ಕೂರಿಸಿದಳು. ಅಲ್ಲಿ ಇನ್ನೂ ಸ್ಪರ್ಶವಿತ್ತು. ಮುಂದಿನ ಗುಂಡು ತಟ್ಟೆಯ ಅಂಚು ಹರಿದುಕೊಂಡು ಹೋಯಿತು. ಅದರ ಮುಂದಿನದು ನಡುವಿಗೇ.

"ಸಾಕಲ್ಲ, ಕಲಿತಾಯ್ತು" ಎಂದೆ.

"ಇಲ್ಲ. ಬೆರಳ ತುದೀನೇ ತಾನಾಗಿ ಟ್ರಿಗರಿಗೆ ಹೋಗುತ್ತೆ. ಇದು ಅಭ್ಯಾಸ ಆಗ್ಬೇಕು. ದಿನಾ ಸಂಜೆ ಬಂದು ಹೊಡೆದ್ರೆ ಸೆಪ್ಟೆಂಬರಲ್ಲಿ, ಎಲೆ ಹಳದಿ ಇರೋವಾಗ್ಲೇ ಹೋಗ್ತೀನಿ. ಅಪ್ಪ ಆಗ್ಲೇ ಹೋಗ್ತಿದ್ದಿದ್ದು."

ಹಿಂದಿರುಗುವಾಗ ಖಾಲಿ ಚಿಪ್ಪುಗಳನ್ನು ಪಿಕಪ್ಪಿನ ಮುಂದಿನ ಗಾಜಿನ ಕೆಳಗೆ ಸಾಲಾಗಿ ನಿಲ್ಲಿಸಿದ್ದಳು. ಒಂದೂ ಸೀಳಿರಲಿಲ್ಲ. ದಾರಿಯುದ್ದಕ್ಕೂ ಅವು ಕುಣಿದಂತೆ ಅಲ್ಲಾಡುತ್ತಿದ್ದರೆ ಅವಳು ಸುಮ್ಮಸುಮ್ಮನೆ ನಗುತ್ತಿದ್ದಳು.

ಊರವರ ಚಿಪ್ಪಿನ ಮೊದಲ ಡಬ್ಬಿ ತಂದವನು ಡೆಲ್ಮರ್. ಧಾನ್ಯದ ಗೋದಾಮಿನಲ್ಲಿ ಕೆಲಸ, ಲೋವೆಲ್‌ನ ಬೇಟೆಯ ಜೊತೆಗಾರ. ಒಲೆಯ ಸುತ್ತ ಎರಡು ಸುತ್ತು ಹಾಕಿದ. "ಲೇ ಲೋವೆಲ್, ಭಾರೀ ಮಾಡಿದೀಯಲ್ಲೋ!"

"ನಾನಲ್ಲಪ್ಪ, ಎಲ್ಲಾ ಅವ್ಳೇ. ನಾನು ಬರೀ ತಂತಿ ಕಟ್ಟಿದ್ದು" ಎಂದ ಲೋವೆಲ್. ಅಷ್ಟು ಹೇಳಿದ, ನಿಜ. ಆದರೆ ಡೆಲ್ಮರ್ "ನಂದೂ ಒಂದಷ್ಟು ಕಾಯ್ಸಿಕೊಡ್ತೀಯಾ?" ಎಂದು ಕೇಳಿದ್ದು ಅವನನ್ನು. "ಅದಕ್ಕೇನು, ಇಟ್ಟುಹೋಗು" ಎಂದವನೂ ಅವನೇ.

ಆ ವಾರವೇ ಇನ್ನೆರಡು ಡಬ್ಬಿ ಬಂದವು. ಕಾಫಿಹೋಟೆಲಿನಲ್ಲಿ ಡೆಲ್ಮರ್ "ಲೋವೆಲ್‌ನ ಒಲೆ" ಎಂದು ಹೇಳಿದ್ದು ಊರೆಲ್ಲ ಹರಡಿತು. ಬೇಟೆಯ ಕಾಲ ಹತ್ತಿರ ಬಂದಿತ್ತು. ಎಲ್ಲರಿಗೂ ಅವಸರ. ಬಾಗಿಲಲ್ಲಿ ಡಬ್ಬಿ ಇಟ್ಟು "ಲೋವೆಲ್‌ಗೆ ಹೇಳ್ಬಿಡಮ್ಮ" ಎಂದು ಹೋಗುವರು. ಅವಳು ಆಸ್ಪತ್ರೆಯಿಂದ ಬಂದು, ಅಡುಗೆ ಮಾಡಿ, ಪಾತ್ರೆ ಮುಗಿಸಿ, ಕೆಳಗಿಳಿದು ಊರವರ ಹಿತ್ತಾಳೆಯ ಮುಂದೆ ಅರ್ಧ ಪ್ರಾರ್ಥನೆ ಹೇಳುತ್ತಾ ಕೂರುವಳು. ಅಪ್ಪನ ಬಂದೂಕು ಮೆಟ್ಟಿಲ ಕೆಳಗೆ ಒರಗಿ ನಿಂತಿರುತ್ತಿತ್ತು.

"ಆಗಲ್ಲ ಅನ್ನೇ" ಎಂದೆ ನಾನು. "ಅವ್ರವ್ರ ಹೆಂಡ್ತೀರು ಬತ್ತಿ ಹಚ್ಕೊಂಡು ಕೂತ್ಕೊಳ್ಳಲಿ. ಇಲ್ಲಾ ಅವ್ರೇ ಕೂರ್ಲಿ."

"ಇವತ್ತೊಂದು ದಿನ ಮುಗ್ಸಿಬಿಡ್ತೀನಿ."

ಇವತ್ತೊಂದು ದಿನ ಎನ್ನುತ್ತಲೇ ಹಳದಿ ಎಲೆಗಳೆಲ್ಲ ಉದುರಿದವು. ಅಕ್ಟೋಬರಿನಲ್ಲಿ ಚರ್ಚಿನ ಮೀನೂಟ ಬಂತು. ಸುತ್ತಲಿನ ಊರುಗಳಿಂದೆಲ್ಲ ಜನ ಬರುತ್ತಾರೆ. ಮೀನಿನ ಮೇಲೆ ಸುರಿಯುವ ಬೆಣ್ಣೆ ಕರಗಿಸುವ ಮೇಜು ಯಾವಾಗಲೂ ಆರ್ಡಿಸಳದ್ದೇ. ಆಮೇಲೆ ಮಗಳಿಗೆ ಬಾಣಂತನ. ಹತ್ತು ದಿನ ಗ್ರೇಟ್ ಫಾಲ್ಸ್‌ನಲ್ಲಿ ಅವಳ ಮನೆ ನೋಡಿಕೊಂಡು ಬಂದಳು. ಬಂದು ನೋಡಿದರೆ ನೆಲಮಾಳಿಗೆಯ ಮೆಟ್ಟಿಲ ಮೇಲೆ ಮತ್ತೆ ಡಬ್ಬಿಗಳು. ಲೋವೆಲ್ ಕಾಯಿಸಲು ಒಮ್ಮೆ ಕುಳಿತಿದ್ದನಂತೆ. ಪ್ರಾರ್ಥನೆಯನ್ನು ತನ್ನ ವೇಗದಲ್ಲಿ ಹೇಳಿದ್ದಕ್ಕೆ ಎರಡೂ ಗುರುತು ಕರಗಿ, ಗಾಬರಿಯಾಗಿ ಎದ್ದುಬಿಟ್ಟನಂತೆ. "ನಿನ್ನ ಹಾಗೆ ನಂಗೆ ಬರಲ್ಲ ಕಣೇ" ಎಂದ. ಹೊಗಳಿಕೆಯೇ. ಇಂಥ ಹೊಗಳಿಕೆಗಳಿಂದಲೇ ನಮ್ಮ ಜನ್ಮವಿಡೀ ಕೆಲಸ ಹೆಚ್ಚುತ್ತಾ ಬಂದಿದೆ. ಹಾಗೆಂದು ಅವನು ಸುಳ್ಳು ಹೇಳುತ್ತಿದ್ದ ಅಂತಲ್ಲ.

ಜಲ್ಲಿಗುಂಡಿಗೆ ಅವಳು ಮತ್ತೆ ಹೋದದ್ದು ಒಂದೇ ಸಲ, ಗಾಳಿಯ ದಿನ, ಅವಸರದಲ್ಲಿ.

ಬೇಟೆಯ ಕಾಲ ಮುಗಿಯುವುದು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರದ ಭಾನುವಾರ. ಗುರುವಾರ, ಹಬ್ಬದ ದಿನ, ಅವಳು ಇಡೀ ಮನೆತನಕ್ಕೆ ಟರ್ಕಿಕೋಳಿ, ಕುಂಬಳದ ಪೈ ಮಾಡಿದಳು. ಶುಕ್ರವಾರ ಉಳಿದದ್ದಕ್ಕೆ ಒಂದು ಗತಿ ಕಾಣಿಸಿದಳು. ಶನಿವಾರ ಬೆಳಕು ಹರಿಯುವ ಹೊತ್ತಿಗೆ ಗಂಡಹೆಂಡತಿ ಪಶ್ಚಿಮದ ಬೆಟ್ಟದ ಬುಡದಲ್ಲಿದ್ದರು. ಅಲ್ಲಿ ನಡೆದದ್ದನ್ನು ಅವಳು ನನಗೆ ಹೇಳಿದ್ದು ಎರಡು ದಿನ ಬಿಟ್ಟು, ಅವರ ಅಡುಗೆಮನೆಯ ಮೇಜಿನ ಮೇಲೆ ನಾವಿಬ್ಬರೂ ಮಾಂಸ ಕಟ್ಟುತ್ತಿದ್ದಾಗ. ನಾನು ಕಾಗದ ಹರಿದುಕೊಡುತ್ತಿದ್ದೆ, ಅವಳು ಸುತ್ತಿ ಅಂಟಿಸುತ್ತಿದ್ದಳು. ಕೈ ನಿಲ್ಲಿಸದೇ ಹೇಳಿದಳು.

ಹಿಮ ಮೊಣಕಾಲಿಗೆ ಬರುತ್ತಿತ್ತಂತೆ. ಮಧ್ಯಾಹ್ನದವರೆಗೂ ಏನೂ ಕಾಣಲಿಲ್ಲ. ಆಮೇಲೆ ತೊರೆಯ ಪಕ್ಕದ ಪೊದೆಗಳ ನಡುವೆ ಒಂದು ಕಪ್ಪು ಗೋಡೆ ಇದ್ದಂತಿತ್ತು, ಗೋಡೆ ತಲೆ ಎತ್ತಿತು. ಲೋವೆಲ್ ಅವಳ ಹಿಂದೆ ಮರಕ್ಕೊರಗಿ ನಿಂತ. ಅವನ ಬಂದೂಕೂ ಜೊತೆಗಿತ್ತು. ಕರಡಿಗಳ ಸೀಮೆ, ಬರಿಗೈಯಲ್ಲಿ ಯಾರೂ ಹೋಗುವುದಿಲ್ಲ.

"ಮಂಡಿಯೂರಿದೆ. ಕೈಗವಸು ತೆಗೆದೆ. ಅಪ್ಪ ಹೇಳಿದ್ದೆಲ್ಲ ನೆನಪಿತ್ತು ವಿಲ್ಮಾ, ಉಸಿರು, ಭುಜ, ಎಲ್ಲಾ. ಗೆಣ್ಣು ಮಾತ್ರ ಮರೆತೆ. ಬೆರಳ ತುದಿ ತನ್ನಷ್ಟಕ್ಕೆ ಟ್ರಿಗರಿಗೆ ಹೋಯ್ತು. ಗುರಿ ಇನ್ನೂ ಅದರ ಬೆನ್ನ ಮೇಲೇ ಇತ್ತು, ಇಳಿಸ್ತಾ ಇದ್ದೆ, ಅಷ್ಟ್ರಲ್ಲಿ ಢಮಾರ್. ಮೇಲಿದ್ದ ಕೊಂಬೆ ಮುರಿದುಬಿತ್ತು."

"ಓಡಿಹೋಯ್ತಾ?"

"ಇಲ್ಲ ಕಣೇ. ನಿಂತಿತ್ತು. ಕಿವಿ ತಿರುಗಿಸ್ತು ಅಷ್ಟೆ. ಯಾರೋ ಬಾಗಿಲು ಬಡಿದ ಹಾಗೆ ನೋಡ್ತಾ ನಿಂತಿತ್ತು."

ಅವಳು ಇನ್ನೊಂದು ತುಂಡು ಮಾಂಸವನ್ನು ಕಾಗದದ ಮೇಲಿಟ್ಟಳು.

"ಇನ್ನೊಂದು ಕಾಡತೂಸು ಒಳಗೆ ತಳ್ಳಿದೆ. ಈ ಸಲ ಗೆಣ್ಣು ಇಟ್ಟೆ. ಟ್ರಿಗರ್ ಗೊತ್ತಾಗ್ತಿತ್ತು, ತಣ್ಣಗೆ, ಚೆನ್ನಾಗಿ. ಭುಜದ ಹಿಂದೆ ಗುರಿ ಕೂತ್ಕೊಂಡಿತ್ತು. ಅಷ್ಟು ಸರಿಯಾಗಿ ಯಾವತ್ತೂ ಕೂತಿರ್ಲಿಲ್ಲ. ಉಸಿರು ಬಿಡ್ತಾ ಇದ್ದೆ."

ಆಗ ಅವಳ ಹಿಂದಿನಿಂದ ಲೋವೆಲ್ ಹೊಡೆದ.

ಮೂಸ್ ಎರಡು ಹೆಜ್ಜೆ ನಡೆದು ತೊರೆಯ ದಂಡೆಯಲ್ಲಿ ಮಂಡಿಯೂರಿತು. ಆರ್ಡಿಸ್ ಬಂದೂಕು ಇಳಿಸಲಿಲ್ಲವಂತೆ. ಖಾಲಿಯಾದ ಜಾಗಕ್ಕೆ ಗುರಿಯಿಟ್ಟುಕೊಂಡೇ ಸ್ವಲ್ಪ ಹೊತ್ತು ಇದ್ದಳು. ಲೋವೆಲ್ ಅವಳ ಪಕ್ಕಕ್ಕೆ ಬಂದಾಗ ಅವನ ಮುಖ ಬಿಳಿಚಿತ್ತು. ತಾನೇನು ಮಾಡಿದೆನೆಂದು ಅವನಿಗೆ ಗುಂಡಿನ ಸದ್ದು ಕೇಳಿದಾಗಲೇ ತಿಳಿದಿತ್ತು.

"ಓಡಿಹೋಗುತ್ತೆ ಅಂದ್ಕೊಂಡೆ ಕಣೇ. ನಿನ್ನ ಚೀಟಿ ಸುಮ್ನೆ ಹಾಳಾಗುತ್ತಲ್ಲ ಅಂತ..."

"ಹೂಂ."

"ನಿಂದೇ ಇದು. ನಿನ್ನ ಹೆಸರಲ್ಲೇ ಇದೆ."

"ಹೆಸರು ನಂದೇ" ಎಂದಳು. ಬಂದೂಕಿನಿಂದ ಆ ಎರಡನೆಯ ಕಾಡತೂಸನ್ನು ಹೊರತೆಗೆದು ಕೋಟಿನ ಜೇಬಿಗೆ ಹಾಕಿಕೊಂಡಳು. ಚೀಟಿಯಲ್ಲಿ ಆ ದಿನದ ತಾರೀಖನ್ನು ಕತ್ತರಿಸಿ ಗುರುತು ಮಾಡಿ ಕೊಂಬಿಗೆ ಕಟ್ಟಿದಳು. ಚಾಕು ತೆಗೆದು ಕೆಲಸಕ್ಕೆ ಕುಳಿತಳು. ಕತ್ತಲಾಗುವುದರೊಳಗೆ ಅಷ್ಟು ದೊಡ್ಡ ಪ್ರಾಣಿಯನ್ನು ಬಿಡಿಸಿ ಹೊರಬೇಕು. ಅಳುವುದಕ್ಕೂ ಹೊತ್ತಿರಲಿಲ್ಲ ಎಂದಳು. ಲೋವೆಲ್ ಮಾತ್ರ ಮೂಸಿನ ಕಾಲು ಹಿಡಿದುಕೊಟ್ಟು ನಿಂತು ಮೂಗೊರೆಸಿಕೊಳ್ಳುತ್ತಿದ್ದನಂತೆ. ಚಳಿಗೆ ಎಂದುಕೊಂಡಿದ್ದಳಂತೆ.

ನಾನು ಸಿಟ್ಟಿನಿಂದ ಕಾಗದ ಹರಿದೆ. "ಒಂದು ನಿಮಿಷ ಸುಮ್ನಿರಕ್ಕೆ ಆಗ್ಲಿಲ್ವಾ ಅವ್ನಿಗೆ? ನಲವತ್ತು ವರ್ಷದಲ್ಲಿ ಒಂದೇ ಒಂದು ನಿಮಿಷ?"

"ಅದನ್ನೇ ಯೋಚಿಸ್ತಿದೀನಿ" ಎಂದಳು. "ಅವತ್ತು ಬತ್ತಿ ಮುಂದೆ ಕೂತು ಅವನು ಸುಟ್ಕೊಳ್ತಿದ್ದ. ಸುಟ್ಕೊಂಡು ಕಲೀತಿದ್ದ. ಕೊಡಿಲ್ಲಿ ಅಂತ ಕಿತ್ಕೊಂಡವ್ಳು ನಾನು. ಯಾರು ಕೇಳಿದ್ರು ನನ್ನ? ನಾನು ಅವನ ಕೈಯಿಂದ ತಗೊಂಡಿದ್ದೆಲ್ಲ ಕೆಲ್ಸ. ಅವನು ನನ್ನ ಕೈಯಿಂದ ತಗೊಂಡಿದ್ದು ಇದೊಂದೇ. ಆದ್ರೆ ಇದೊಂದೇ ನಂಗೆ ಬೇಕಾಗಿದ್ದಿದ್ದು."

"ಎರಡೂ ಒಂದೇ ಅಲ್ಲ ಬಿಡು."

"ಒಂದೇ ಅಲ್ಲ, ಗೊತ್ತು." ಪೊಟ್ಟಣದ ಮೇಲೆ ಪೆನ್ಸಿಲಿನಿಂದ ಮೂಸ್ ಎಂದು ಬರೆದು ಬದಿಗಿಟ್ಟಳು. "ಸೆಪ್ಟೆಂಬರಲ್ಲೇ ಹೋಗ್ಬೇಕಿತ್ತು ವಿಲ್ಮಾ. ಡೆಲ್ಮರ್‌ನ ಡಬ್ಬಿ ಒದ್ದು ಹೋಗ್ಬೇಕಿತ್ತು. ಬೆರಳು ಕಲಿತುಬಿಡ್ತಿತ್ತು."

ಊರಿನಲ್ಲಿ ಎಲ್ಲರೂ ಅವಳನ್ನು ಅಭಿನಂದಿಸಿದರು. ಕೊಂಬು ಹಿಡಿದು ನಿಂತ ಅವಳ ಚಿತ್ರ ಕಾಫಿಹೋಟೆಲಿನ ಗೋಡೆಗೆ ಬಂತು. ಡೆಲ್ಮರ್ ಕಣ್ಣು ಹೊಡೆದು, "ಏನಮ್ಮಾ ಬೇಟೆಗಾರ್ತಿ, ಆಲೂಗಡ್ಡೆ ಹುರೀತಾ ಹೊಡೆದ್ಯಾ?" ಎಂದ. ಎಲ್ಲರೂ ನಕ್ಕರು. ಅವಳು ಆ ದಿನ ಅಲ್ಲಿ, ಹಿಮದಲ್ಲಿ, ಬಂದೂಕು ಹಿಡಿದು ಇದ್ದಳು ಎಂದು ಲೋವೆಲ್ ಎರಡು ಮೂರು ಸಲ ಹೇಳಲು ನೋಡಿದ. ಹೇಳಿದರೆ ಮುಂದಿನದನ್ನೂ ಹೇಳಬೇಕಾಗುತ್ತಿತ್ತು. ಆಮೇಲೆ ಆ ಹೋಟೆಲಿಗೆ ಹೋಗುವುದನ್ನೇ ಕಡಿಮೆ ಮಾಡಿದ.

ಮರುವರ್ಷ ಬೇಸಿಗೆಯಲ್ಲಿ ಡೆಲ್ಮರ್ ಮತ್ತೆ ಡಬ್ಬಿ ಹಿಡಿದು ಬಂದ. ಆರ್ಡಿಸ್ ಬಾಗಿಲಿಗೆ ಅಡ್ಡ ನಿಂತು, "ಒಲೆ ಕೆಟ್ಟಿದೆ" ಎಂದಳು.

"ಏನಾಗಿದೆ? ಲೋವೆಲ್ ಸರಿಮಾಡ್ತಾನೆ ಬಿಡಮ್ಮ."

ಅವಳ ಬೆನ್ನ ಹಿಂದೆ ಮೇಜಿಗೆ ಕುಳಿತಿದ್ದ ಲೋವೆಲ್‌ಗೆ ಒಲೆ ಕೆಟ್ಟಿಲ್ಲ ಎಂದು ಗೊತ್ತಿತ್ತು. "ನನ್ನ ಕೈಲಾಗಲ್ಲ ಡೆಲ್ಮರ್" ಎಂದ. ಡಬ್ಬಿ ವಾಪಸ್ಸು ಹೋಯಿತು.

ಒಲೆ ಈಗಲೂ ಅವರ ನೆಲಮಾಳಿಗೆಯಲ್ಲಿ, ಬೀನ್ಸ್ ಬಾಟಲಿಗಳ ಕೆಳಗಿನ ಹಲಗೆಯ ಮೇಲಿದೆ. ಗುಂಡಿ ತಿರುಗಿಸಿದರೆ ಕಾಯುತ್ತದೆ. ಆದರೆ ಅವಳು ಆಮೇಲೆ ಯಾರ ಚಿಪ್ಪನ್ನೂ ಕಾಯಿಸಿಲ್ಲ, ಗಂಡನದನ್ನೂ. ಆ ಎರಡನೆಯ ಕಾಡತೂಸು ಅಡುಗೆಮನೆಯ ಕಿಟಕಿಯಲ್ಲಿ, ಪಾತ್ರೆ ತೊಳೆಯುವಾಗ ಕಣ್ಣಿಗೆ ನೇರವಾಗಿ ಬೀಳುವ ಹಾಗೆ ನಿಂತಿದೆ. ಅದರ ಕತ್ತಿನಲ್ಲಿ ಹದವಾಗಿ ಕಾದ ಹಿತ್ತಾಳೆಗೆ ಬರುವ ನಸುನೀಲಿ ನೆರಳು ಇನ್ನೂ ಇದೆ. ಅವಳು ಅದನ್ನು ಹಾರಿಸಲೂ ಇಲ್ಲ, ಬಿಚ್ಚಲೂ ಇಲ್ಲ.

ಏಳು ವರ್ಷ ಹೋದ ವಸಂತಕ್ಕೆ ಮುಗಿಯಿತು. ಲೋವೆಲ್ ಲಾಟರಿಗೆ ಹೆಸರು ಹಾಕುವ ಹೊತ್ತಿಗೆ ಬಹಳ ಮೆಲ್ಲಗೆ, "ನಿಂದು ಹಾಕ್ಲಾ?" ಎಂದು ಕೇಳಿದನಂತೆ.

"ಬೇಕಾದ್ರೆ ನಾನೇ ಹಾಕ್ಕೋತೀನಿ" ಎಂದಳಂತೆ. ಕೊನೆಯ ದಿನ ದಾಟಿದ ಮೇಲೆ ನಾನು ಕೇಳಿದೆ. "ಆಲೂಗಡ್ಡೆ ನೆಡ್ತಿದ್ದೆ, ಮರೆತುಹೋಯ್ತು" ಎಂದಳು. ಹೇಳುವಾಗ ಬಲಗೈಯ ತೋರುಬೆರಳನ್ನು ಎಡಗೈಯಲ್ಲಿ ಮುಚ್ಚಿಕೊಂಡಿದ್ದಳು. ಈಗ ಗೆಣ್ಣಿನಲ್ಲೂ ಅಷ್ಟಾಗಿ ಗೊತ್ತಾಗುವುದಿಲ್ಲ.

ಈ ಜುಲೈನಲ್ಲಿ ಒಂದು ಮಧ್ಯಾಹ್ನ ನಾನು ಅವಳ ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತಿದ್ದೆ. ಕೆಳಗಿನಿಂದ ಮೇಣದ ವಾಸನೆ ಬಂತು. ಮೆಟ್ಟಿಲ ಬಾಗಿಲು ತೆರೆದಿತ್ತು. ಒಲೆಯ ಪಕ್ಕದಲ್ಲೇ ಕುಳಿತು, ಅದನ್ನು ಮುಟ್ಟದೆ, ಲೋವೆಲ್ ಬತ್ತಿಯ ಉರಿಯಲ್ಲಿ ಚಿಪ್ಪು ತಿರುಗಿಸುತ್ತಿದ್ದ.

"ಅಯ್ಯೋ ಸುಡುಗಾಡೇ!" ಎಂಬ ಕೂಗು, ಅದರ ಹಿಂದೆಯೇ ಬಕೆಟ್ಟಿನಲ್ಲಿ ಚುಂಯ್ ಎಂದ ಸದ್ದು.

"ಏಳು ವರ್ಷದಿಂದ ಹೀಗೇನಾ?" ಎಂದೆ.

"ಹೀಗೇ. ಇವತ್ತಿಗೂ ಹದ ಬರೋಕೆ ಮೊದ್ಲೇ ಬಿಟ್ಬಿಡ್ತಾನೆ. ಅರ್ಧಕ್ಕರ್ಧ ಸೀಳುತ್ತೆ."

ಮತ್ತೊಂದು ಬೈಗುಳ, ಮತ್ತೊಂದು ಚುಂಯ್. ಆರ್ಡಿಸಳ ಕೈ ಬಟಾಣಿಯ ಮೇಲೆ ನಿಂತಿತು. ಅರೆಗಳಿಗೆ ಅವಳ ಮೈ ಕುರ್ಚಿಯಿಂದ ಏಳುವಂತೆ ಮುಂದಕ್ಕೆ ಬಾಗಿದ್ದನ್ನು ನಾನು ಕಂಡೆ. ಆಮೇಲೆ ಅವಳು ಹಿಂದಕ್ಕೊರಗಿದಳು. ಬೆರಳಿಗೆ ಗೊತ್ತಾಗದ ಬಟಾಣಿಯನ್ನು ಕಣ್ಣಿಂದ ನೋಡಿ ನೋಡಿ ಬಿಡಿಸತೊಡಗಿದಳು.